ಹಡಗಿನ ದುಡ್ಡು ಇವತ್ತೇ ಕಳಿಸಬೇಡಿ ಅಕ್ಕ

ಅಕ್ಕ, ನಿಮ್ಮ ಮೆಸೇಜ್ ಈಗ ನೋಡಿದೆ. ಮೇ ತಿಂಗಳಲ್ಲಿ ಭಾವನ ಅರವತ್ತಕ್ಕೆ ಎಲ್ಲರೂ ಸೇರಿ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ ಪೆನಾಂಗ್, ಫುಕೆಟ್ ನೋಡಿಕೊಂಡು ಬರೋಣ ಅಂತ. ಮೈಸೂರಿನ ಏಜೆಂಟ್ ಕೊಟೇಷನ್ ಕಳಿಸಿದ್ದಾರೆ, ಇವತ್ತು ಸಂಜೆಯೊಳಗೆ ಪೂರ್ತಿ ದುಡ್ಡು ಗೂಗಲ್ ಪೇ ಮಾಡಿದರೆ ಶೇ. 5 ಬಿಡುತ್ತಾರಂತೆ, ಕಟ್ಟಲಾ ಅಂತ ಕೇಳಿದ್ದೀರಿ. ಕಟ್ಟಬೇಡಿ. ಪ್ರವಾಸ ಬೇಡ ಅಂತ ಹೇಳುತ್ತಿಲ್ಲ, ಖಂಡಿತ ಹೋಗೋಣ, ನಾನೂ ಬರುತ್ತೇನೆ. ಆದರೆ ದುಡ್ಡು ಈ ರೀತಿ ಕಳಿಸಬೇಡಿ. ಬರೆದದ್ದು ಉದ್ದ ಆಗುತ್ತದೆ, ಗ್ರೂಪಿನಲ್ಲಿ ಬರುವವರೆಲ್ಲ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಮೊದಲು, ದುಡ್ಡು ಕಟ್ಟಲು ಏಜೆಂಟ್ ಕಳಿಸಿದ ಆ ಸ್ಕ್ಯಾನರ್ (ಕ್ಯೂಆರ್ ಕೋಡ್) ನೋಡಿ. ನಾನು ಅದನ್ನು ನನ್ನ ಫೋನಿನಲ್ಲಿ ತೆರೆದು, ಮೊತ್ತ ಹಾಕುವ ಮೊದಲು ಬರುವ ಹೆಸರು ಓದಿದೆ. ಕೊಟೇಷನ್ ಮೇಲೆ ದಪ್ಪಕ್ಷರದಲ್ಲಿ ಟ್ರಾವೆಲ್ಸ್ ಹೆಸರಿದೆ, ಸ್ಕ್ಯಾನರಿನಲ್ಲಿ ಬರುವುದು ಒಬ್ಬ ವ್ಯಕ್ತಿಯ ಹೆಸರು. ಅವರು ಮಾಲೀಕರೇ ಇರಬಹುದು, ಮನೆಯವರೂ ಇರಬಹುದು. ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ನೀವು ದುಡ್ಡು ಕೊಟ್ಟದ್ದು ಟ್ರಾವೆಲ್ಸ್‌ಗೆ ಅಂತ ತೋರಿಸುವುದೇ ಕಷ್ಟ. ಕಂಪನಿ ಹೆಸರಿನ ಕರೆಂಟ್ ಅಕೌಂಟ್ ನಂಬರ್ ಕೇಳಿ. ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಯಾರು ಬೇಕಾದರೂ ನೋಡಬಹುದು, ಲಾಗಿನ್ ಕೂಡ ಬೇಡ. ಈ ಕೊಟೇಷನ್ನಿನಲ್ಲಿ ಆ ನಂಬರೇ ಇಲ್ಲ.

ಇನ್ನು ಮುಖ್ಯ ವಿಷಯ. ಏಜೆಂಟ್ ಕೊಡುವ ರಸೀದಿ ಬೇರೆ, ಹಡಗಿನ ಕಂಪನಿಯಲ್ಲಿ ನಿಮ್ಮ ಹೆಸರಿಗೆ ಆಗುವ ಬುಕಿಂಗ್ ಬೇರೆ. ನೀವು ಏಜೆಂಟಿಗೆ ಪೂರ್ತಿ ಕೊಟ್ಟಿದ್ದೀರಿ ಅಂದರೆ ಏಜೆಂಟ್ ಹಡಗಿನವರಿಗೆ ಪೂರ್ತಿ ಕಟ್ಟಿದ್ದಾರೆ ಅಂತ ಅರ್ಥ ಅಲ್ಲ. ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಬುಕ್ ಮಾಡುವಾಗ ಡೆಪಾಸಿಟ್ ಮಾತ್ರ ತೆಗೆದುಕೊಳ್ಳುತ್ತವೆ. ಬಾಕಿಯನ್ನು ಹಡಗು ಹೊರಡುವುದಕ್ಕೆ ಎರಡೂವರೆ, ಮೂರು ತಿಂಗಳ ಮುಂಚೆ ಒಂದು ಕೊನೆ ದಿನ ಕೊಟ್ಟು ಕೇಳುತ್ತವೆ. ಆ ದಿನ ದಾಟಿದರೆ ಬುಕಿಂಗ್ ರದ್ದಾಗಬಹುದು. ಈಗ ಪೂರ್ತಿ ದುಡ್ಡು ಕೊಟ್ಟರೆ ಅದರಲ್ಲಿ ಜಾಸ್ತಿ ಪಾಲು ತಿಂಗಳುಗಟ್ಟಲೆ ಏಜೆಂಟ್ ಹತ್ತಿರವೇ ಇರುತ್ತದೆ.

ನಮ್ಮ ಮಾವನವರ ಮನೆಯಲ್ಲಿ ಆಗಿದ್ದು ಇದೇ. ಏಜೆಂಟ್ ಹೆಸರು ಬೇಡ. ಪೂರ್ತಿ ದುಡ್ಡು ಬಹಳ ಮುಂಚೆಯೇ ಕೊಟ್ಟಿದ್ದರು. ಹಡಗಿನ ಫೋಟೊ ಇರುವ ಬಣ್ಣದ ರಸೀದಿ ಬಂತು, ಅತ್ತೆ ಅದನ್ನು ಫೈಲಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದರಲ್ಲಿ ಟ್ರಾವೆಲ್ಸ್‌ನ ಬಿಲ್ ನಂಬರ್ ಇತ್ತು, ಹಡಗಿನ ಕಂಪನಿಯ ನಂಬರ್ ಇರಲಿಲ್ಲ. ಹೊರಡುವ ಸಮಯ ಹತ್ತಿರ ಬಂದಾಗ ಹಡಗಿನ ಆಫೀಸಿಗೇ ಫೋನ್ ಮಾಡಿ ಕೇಳಿದರೆ, ಡೆಪಾಸಿಟ್ ಬಂದಿತ್ತು, ಬಾಕಿ ಬರಲಿಲ್ಲ, ರದ್ದಾಗಿದೆ ಅಂದರು. ಮುಂದಕ್ಕೆ ಏನು ಕೇಳಿದರೂ ನಿಮ್ಮ ಏಜೆಂಟ್ ಮೂಲಕವೇ ಮಾತಾಡಿ ಅಂತ ಒಂದೇ ಉತ್ತರ. ಅದು ಅವರ ಪದ್ಧತಿ. ಏಜೆಂಟ್ ಮೂಲಕ ಆದ ಬುಕಿಂಗನ್ನು ಅವರು ನೇರವಾಗಿ ಮುಟ್ಟುವುದಿಲ್ಲ, ರೀಫಂಡ್ ಇದ್ದರೂ ಸಾಮಾನ್ಯವಾಗಿ ದುಡ್ಡು ಯಾರಿಂದ ಬಂತೋ ಅವರಿಗೇ ಹೋಗುತ್ತದೆ. ಬ್ಯಾಂಕಿಗೆ ಹೋದರೆ ನೀವೇ ಪಿನ್ ಒತ್ತಿ ಕಳಿಸಿದ್ದೀರಿ ಅಲ್ವಾ ಅಂದರು. ಕೊನೆಗೆ ಏಜೆಂಟಿನಿಂದ ದುಡ್ಡು ಬಂತು, ಆದರೆ ಚೂರು ಚೂರಾಗಿ, ಮಾವ ಪ್ರತಿ ಸಲ ಫೋನ್ ಮಾಡಿ ಕೇಳಿಕೊಂಡ ಮೇಲೆ. ಜೀವಮಾನ ಎಲ್ಲ ಯಾರ ಹತ್ತಿರವೂ ಕೈ ಚಾಚದ ಮನುಷ್ಯ ತಮ್ಮ ಸ್ವಂತ ದುಡ್ಡಿಗೆ ಹಾಗೆ ಕೇಳಬೇಕಾಯಿತು. ಅದು ನನಗೆ ಇನ್ನೂ ಸಂಕಟ. ಭಾವನಿಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಹಾಗಾಗಿ ನೀವು ಏಜೆಂಟನ್ನು ಮುಖ್ಯವಾಗಿ ಕೇಳಬೇಕಾದದ್ದು ಒಂದು. ಡೆಪಾಸಿಟ್ ಕಟ್ಟಿದ ತಕ್ಷಣ ಹಡಗಿನ ಕಂಪನಿಯ ಬುಕಿಂಗ್ ನಂಬರ್ ಕೊಡಿ ಅಂತ. ಆ ನಂಬರ್, ಪ್ರಯಾಣಿಕರ ಸರ್‌ನೇಮ್, ಹೊರಡುವ ದಿನ, ಇಷ್ಟು ಇದ್ದರೆ ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪಿನಲ್ಲಿ ಸಾಮಾನ್ಯವಾಗಿ ನಿಮ್ಮ ಬುಕಿಂಗ್ ಸಿಗುತ್ತದೆ. ಎಲ್ಲರ ಹೆಸರು ಇದೆಯಾ, ಯಾವ ಕ್ಯಾಬಿನ್, ಅದನ್ನೆಲ್ಲ ನೀವೇ ನೋಡಬಹುದು. ಎಷ್ಟು ಕಟ್ಟಿದೆ, ಬಾಕಿ ಎಷ್ಟು, ಕೊನೆ ದಿನ ಯಾವುದು ಅನ್ನುವುದೂ ಕೆಲವರಲ್ಲಿ ಕಾಣುತ್ತದೆ. ಏಜೆಂಟ್ ಬುಕಿಂಗ್ ಆದರೆ ದುಡ್ಡಿನ ಲೆಕ್ಕ ತೋರಿಸದವರೂ ಇದ್ದಾರೆ. ಆಗ ಕಂಪನಿ ಏಜೆಂಟಿಗೆ ಕಳಿಸಿದ ಕನ್ಫರ್ಮೇಷನ್ ಪಿಡಿಎಫ್ ಹಾಗೆಯೇ ಫಾರ್ವರ್ಡ್ ಮಾಡಲು ಹೇಳಿ. ಏಜೆಂಟಿನ ಕಮಿಷನ್ ಎಷ್ಟು ಅಂತ ನಮಗೆ ಬೇಡ, ಅದನ್ನು ಮರೆಮಾಡಿ ಕಳಿಸಲಿ ಬೇಕಾದರೆ. ಈ ನಂಬರ್ ಕೊಡಲು ಒಳ್ಳೆ ಏಜೆಂಟ್ ಹಿಂದೆಮುಂದೆ ನೋಡುವುದಿಲ್ಲ. ಬಾಕಿ ಕಟ್ಟಿದ ವಾರದಲ್ಲಿ ಮತ್ತೊಮ್ಮೆ ನೋಡಿ, ಬಾಕಿ ಸೊನ್ನೆ ಆಗಿರಬೇಕು.

ಚಿಕ್ಕಮ್ಮ ಮೇಲೆ ಕೇಳಿದ್ದಾರೆ, ಹಾಗಾದರೆ ಏಜೆಂಟ್ ಯಾಕೆ, ನಾವೇ ಬುಕ್ ಮಾಡಬಹುದಲ್ಲ ಅಂತ. ಮಾಡಬಹುದು ಚಿಕ್ಕಮ್ಮ. ಆದರೆ ಏಜೆಂಟಿಗೆ ಕಮಿಷನ್ ಕೊಡುವುದು ಹಡಗಿನ ಕಂಪನಿ, ಆದ್ದರಿಂದ ನೇರ ಹೋದರೆ ಭಾರಿ ಕಡಿಮೆ ಆಗುತ್ತದೆ ಅಂತ ಏನೂ ಇಲ್ಲ. ಇಷ್ಟು ಜನರ ವೀಸಾ, ವಿಮಾನ, ಅಕ್ಕಪಕ್ಕದ ಕ್ಯಾಬಿನ್, ದೊಡ್ಡಮ್ಮನಿಗೆ ವೀಲ್‌ಚೇರ್, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರಿದ್ದರೆ ಒಳ್ಳೆಯದೇ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಹಡಗಿನಲ್ಲಿ ಹೊರಟು ಮತ್ತೆ ಅಲ್ಲಿಗೇ ವಾಪಸ್ ಬರುವುದರಿಂದ ಮಲ್ಟಿಪಲ್ ಎಂಟ್ರಿ ಇರಬೇಕು. ಇಂಥದ್ದು ಏಜೆಂಟಿಗೆ ಗೊತ್ತಿರುತ್ತದೆ. ಏಜೆಂಟ್ ಇರಲಿ, ಲೆಕ್ಕ ಮಾತ್ರ ನಮ್ಮ ಕಣ್ಣಿಗೆ ಕಾಣಲಿ.

ಕಾರ್ಡಿನಲ್ಲಿ ಕಟ್ಟುವುದಾ ಅಂದರೆ, ಆಗುವುದಾದರೆ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ಹೇಳಿದ ಸೇವೆ ಸಿಗದಿದ್ದರೆ ಬ್ಯಾಂಕಿಗೆ ಡಿಸ್‌ಪ್ಯೂಟ್ ಹಾಕುವ ದಾರಿ ಕಾರ್ಡಿನಲ್ಲಿದೆ, ಗೂಗಲ್ ಪೇ ಮಾಡಿ ಒಬ್ಬರ ಖಾತೆಗೆ ಕಳಿಸಿದರೆ ಆ ದಾರಿ ಇಲ್ಲ ಅಂತಲೇ ತಿಳಿಯಿರಿ. ಏಜೆಂಟ್ ಕಾರ್ಡಿಗೆ ಶೇ. 2 ಜಾಸ್ತಿ ಕೇಳಬಹುದು. ಡೆಪಾಸಿಟ್ ಅಷ್ಟಕ್ಕಾದರೂ ಅದನ್ನು ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ. ಹಡಗಿನ ಕಂಪನಿಯೇ ಡಾಲರಿನಲ್ಲಿ ಕಾರ್ಡ್ ಎಳೆಯುವುದಾದರೆ ಮಾತ್ರ ಜಾಗ್ರತೆ, ನಮ್ಮ ಎಷ್ಟೋ ಕಾರ್ಡುಗಳಲ್ಲಿ ವಿದೇಶಿ ಹಣಕ್ಕೆ ಸುಮಾರು ಶೇ. 3.5 ಶುಲ್ಕ, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ರೂಪಾಯಿಗೆ ತಿರುಗಿಸಿ ಕೊಟ್ಟಿದ್ದರೆ ಯಾವ ದಿನದ ರೇಟ್, ಬಾಕಿ ಕಟ್ಟುವಾಗ ರೇಟ್ ಬದಲಾಗುತ್ತದೆಯಾ, ಅದನ್ನು ಬರೆಸಿಕೊಳ್ಳಿ.

ಈಗ ಆ ಕೊಟೇಷನ್. ಮೇಲೆ ಆಲ್ ಇನ್‌ಕ್ಲೂಸಿವ್ ಅಂತ ಇದೆ. ಫೋಟೊ ದೊಡ್ಡದು ಮಾಡಿ ಕೆಳಗಿನ ಸಣ್ಣ ಸಾಲು ಓದಿ. ಗ್ರ್ಯಾಚುಟಿ, ಟಿಸಿಎಸ್, ವೀಸಾ ಬೇರೆ ಅಂತ ಬರೆದಿದೆ. ಗ್ರ್ಯಾಚುಟಿ ಅಂದರೆ ಹಡಗಿನ ಕೆಲಸದವರಿಗೆ ಕೊಡುವ ಟಿಪ್ಸ್. ನಮಗೆ ಮನಸ್ಸು ಬಂದಷ್ಟು ಕೊಡುವುದಲ್ಲ, ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟು ಡಾಲರ್ ಅಂತ ಹಾಕುತ್ತಾರೆ, ಮಕ್ಕಳಿಗೂ ಬರುವುದುಂಟು. ಇಷ್ಟು ಜನಕ್ಕೆ ನಾಲ್ಕು ರಾತ್ರಿಗೆ ಲೆಕ್ಕ ಹಾಕಿದರೆ ಸಣ್ಣ ಮೊತ್ತ ಅಲ್ಲ. ಪೋರ್ಟ್ ಚಾರ್ಜ್ (ಬಂದರಿನ ಶುಲ್ಕ) ಸೇರಿದೆಯಾ ಅಂತ ಎಲ್ಲೂ ಬರೆದೇ ಇಲ್ಲ, ಕೇಳಲೇಬೇಕು. ತಲೆಗೆ ಇಷ್ಟು ಅಂತ ಹೇಳಿದ ರೇಟ್ ಒಂದು ಕ್ಯಾಬಿನ್ನಿಗೆ ಇಬ್ಬರು ಅನ್ನುವ ಲೆಕ್ಕ. ದೊಡ್ಡಮ್ಮ ಒಬ್ಬರೇ ಮಲಗುತ್ತಾರೆ ಅಂದರೆ ಹೆಚ್ಚುಕಡಿಮೆ ಇಬ್ಬರ ದುಡ್ಡೇ ಆಗುತ್ತದೆ.

ಟಿಸಿಎಸ್ ವಿಷಯ ನಮ್ಮ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವಿದೇಶ ಪ್ಯಾಕೇಜ್ ಮಾರುವಾಗ ಏಜೆಂಟ್ ನಮ್ಮಿಂದ ಒಂದು ಪಾಲು ತೆರಿಗೆ ಹಿಡಿದು ನಮ್ಮ ಪ್ಯಾನ್ ನಂಬರಿಗೆ ಸರ್ಕಾರಕ್ಕೆ ಕಟ್ಟಬೇಕು. ಇದರ ದರ, ಮಿತಿ ಎಲ್ಲ 2023ರಿಂದ ಈಚೆಗೆ ಬದಲಾಗುತ್ತಲೇ ಇದೆ, ಈಗಿನ ದರ ನಮ್ಮ ಸಿಎ ಹತ್ತಿರ ಕೇಳಿಕೊಂಡು ಏಜೆಂಟ್ ಹಾಕಿದ್ದಕ್ಕೆ ಹೋಲಿಸಿ. ಈ ದುಡ್ಡು ಹೋಗಿಯೇ ಬಿಟ್ಟಿತು ಅಂತ ಅಲ್ಲ, ರಿಟರ್ನ್ ಹಾಕಿದರೆ ನಮ್ಮ ತೆರಿಗೆಗೆ ಹೊಂದಿಸಬಹುದು ಅಥವಾ ವಾಪಸ್ ಬರುತ್ತದೆ. ಆದರೆ ರಿಟರ್ನ್ ಹಾಕಿದರೆ ಮಾತ್ರ! ನಮ್ಮ ತೋಟದ ಕಾಫಿಯನ್ನು ಚೆರ್ರಿಯಾಗಿಯೋ (ಹಣ್ಣನ್ನು ಹಾಗೇ ಒಣಗಿಸಿ) ಪಾರ್ಚ್‌ಮೆಂಟ್ ಆಗಿಯೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿ) ಕೊಟ್ಟು ಬಿಡುತ್ತೇವೆ, ಕೃಷಿ ಆದಾಯ, ನಮಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಎಷ್ಟೋ ಮನೆಯವರು ರಿಟರ್ನ್ ಹಾಕುವುದೇ ಇಲ್ಲ. ಅಂಥವರು ಯಾರ ಪ್ಯಾನ್ ಕೊಡುತ್ತಾರೋ ಅವರ ಹೆಸರಿನಲ್ಲಿ ರಿಟರ್ನ್ ಹಾಕಲೇಬೇಕು, ಇಲ್ಲದಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ಭಾವ ಪ್ರತಿ ವರ್ಷ ಹಾಕುತ್ತಾರೆ, ಅವರ ಪ್ಯಾನ್ ಕೊಡುವುದು ಒಳ್ಳೆಯದು. ಆಮೇಲೆ ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲಿ ಆ ಪ್ಯಾನಿನ ತೆರಿಗೆ ಲೆಕ್ಕದಲ್ಲಿ ಏಜೆಂಟ್ ಕಟ್ಟಿದ್ದು ಬಂದಿದೆಯಾ ನೋಡಿ. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಹಡಗಾದರೆ ದೇಶದೊಳಗಿನದು, ಈ ಟಿಸಿಎಸ್ ತಲೆಬಿಸಿ ಇಲ್ಲ.

ದಿನಾಂಕದ ಬಗ್ಗೆ ಒಂದು ಮಾತು. ಮೇ ಮಧ್ಯದಲ್ಲಿ ಹಡಗು ಅಂದರೆ ಬಾಕಿ ಕಟ್ಟುವ ದಿನ ಫೆಬ್ರವರಿಗೆ ಬರುತ್ತದೆ. ಏಜೆಂಟ್ ತಮ್ಮ ಸುರಕ್ಷತೆಗೆ ಇನ್ನೂ ಒಂದೆರಡು ವಾರ ಮುಂಚೆ ಹೇಳುತ್ತಾರೆ. ಆಗ ನಮ್ಮಲ್ಲಿ ರೊಬಸ್ಟಾ ಕಾಫಿ ಕೊಯ್ಲು. ವಾರ ವಾರ ಕೆಲಸದವರಿಗೆ ಬಟವಾಡೆ ಕೊಡಬೇಕು, ಕಣದಲ್ಲಿ ಕಾಫಿ ಹರಡಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಹಡಗಿನ ಕಂತಿಗೋಸ್ಕರ ಅರ್ಜೆಂಟಿನಲ್ಲಿ ಸಿಕ್ಕಿದ ರೇಟಿಗೆ ಕಾಫಿ ಕೊಡುವ ಹಾಗೆ ಆಗಬಾರದು. ಅರೇಬಿಕಾ ಮಾರಿದ ದುಡ್ಡಿನಲ್ಲಿ ಆ ಪಾಲು ಈಗಲೇ ತೆಗೆದಿಡೋಣ, ಇಲ್ಲವೇ ಪ್ರವಾಸವನ್ನೇ ಅಕ್ಟೋಬರ್ ದಸರಾ ರಜೆಗೆ ಹಾಕೋಣ. ಜುಲೈ, ಆಗಸ್ಟ್ ಮಾತ್ರ ಬೇಡ. 2018ರ ಮಳೆಯಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮಳೆಯಲ್ಲಿ ನಾವು ಘಾಟಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುವುದಿಲ್ಲ, ದುಡ್ಡೂ ಬರುವುದಿಲ್ಲ.

ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಕೊಡಿ. ನಮ್ಮವರ ಆಧಾರಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಬಿಡಿಸಿ ಸರ್‌ನೇಮ್ ಅಂತ ಹಾಕಿರುತ್ತಾರೆ. ಆಮೇಲೆ ತಿದ್ದಿಸಲು ಹೋದರೆ ಅದಕ್ಕೂ ದುಡ್ಡು ಕೇಳಬಹುದು. ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಆರು ತಿಂಗಳಿಗಿಂತ ಜಾಸ್ತಿ ಇರಲಿ, ದೊಡ್ಡಪ್ಪ ನಿಮ್ಮದು ಒಮ್ಮೆ ತೆಗೆದು ನೋಡಿ.

ಸಂಜೆಯೊಳಗೆ ಕಟ್ಟದಿದ್ದರೆ ರೇಟ್ ಹೋಗುತ್ತದೆ ಅನ್ನುವ ಹೆದರಿಕೆ ನಿಮಗಿದೆ, ಗೊತ್ತು. ಹಡಗಿನ ರೇಟ್ ಏರುವುದು ನಿಜವೇ. ಆದರೆ ಕ್ಯಾಬಿನ್ನನ್ನು ಕೆಲವು ದಿನ ಹೋಲ್ಡ್ ಮಾಡಿ ಇಡಲು ಏಜೆಂಟಿಗೆ ಸಾಮಾನ್ಯವಾಗಿ ಆಗುತ್ತದೆ, ಕೇಳಿದರೆ ಮಾಡಿಕೊಡುತ್ತಾರೆ. ಶೇ. 5 ಹೋದರೆ ಹೋಗಲಿ ಅಕ್ಕ.

ಕ್ಯಾನ್ಸಲ್ ಮಾಡಿದರೆ ಎಷ್ಟು ಕಡಿತ ಅಂತ ದಿನಾಂಕ ಹಾಕಿ ಬರೆಸಿಕೊಳ್ಳಿ, ಕಂಪನಿ ಹಿಡಿಯುವುದೆಷ್ಟು, ಏಜೆಂಟ್ ಹಿಡಿಯುವುದೆಷ್ಟು, ಎರಡೂ. ಎಲ್ಲವೂ ವಾಟ್ಸಾಪ್ ಬರಹದಲ್ಲಿ ಇರಲಿ, ಫೋನ್ ಮಾತು ಬೇಡ. ದೇವರ ದಯೆಯಿಂದ ತೊಂದರೆ ಆಗದಿರಲಿ. ಆದರೂ ಹೇಳಿ ಇಡುತ್ತೇನೆ, ಏಜೆಂಟ್ ಮೈಸೂರಿನಲ್ಲಿದ್ದರೂ ನಾವು ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 2019ರ ಕಾಯ್ದೆಯಲ್ಲಿ ನಾವಿರುವ ಊರಿನಲ್ಲೇ ಹಾಕಲು ಅವಕಾಶ ಇದೆ, ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ಪೂರ್ತಿ ಮೋಸ ಅಂತ ಗೊತ್ತಾದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930.

ಏಜೆಂಟಿಗೆ ಕಳಿಸಲು ಬರೆದು ಕೊಡುತ್ತೇನೆ, ಹಾಗೇ ಕಾಪಿ ಮಾಡಿ: "ನಮಸ್ಕಾರ. ನಿಮ್ಮ ಮೂಲಕವೇ ಬುಕ್ ಮಾಡುತ್ತೇವೆ. ಈಗ ಡೆಪಾಸಿಟ್ ಮಾತ್ರ ಕಂಪನಿ ಖಾತೆಗೆ ಅಥವಾ ಕಾರ್ಡಿನಲ್ಲಿ ಕಟ್ಟುತ್ತೇವೆ. ಜಿಎಸ್‌ಟಿ ನಂಬರ್ ಇರುವ ಇನ್‌ವಾಯ್ಸ್, ಹಡಗಿನ ಕಂಪನಿಯ ಬುಕಿಂಗ್ ನಂಬರ್, ಬಾಕಿ ಕಟ್ಟುವ ಕೊನೆ ದಿನ, ಕ್ಯಾನ್ಸಲೇಷನ್ ನಿಯಮ, ಪೋರ್ಟ್ ಚಾರ್ಜ್, ಗ್ರ್ಯಾಚುಟಿ, ಟಿಸಿಎಸ್ ಎಲ್ಲ ಬಿಡಿಬಿಡಿಯಾಗಿ ಕಳಿಸಿ. ಅಲ್ಲಿಯವರೆಗೆ ಕ್ಯಾಬಿನ್ ಹೋಲ್ಡ್ ಮಾಡಿ ಇಡಿ."

ಉತ್ತರ ಬಂದರೆ ಗ್ರೂಪಿಗೇ ಹಾಕಿ, ರಾತ್ರಿ ಕೂತು ನೋಡುತ್ತೇನೆ. ಬರುವವರೆಲ್ಲ ಪಾಸ್‌ಪೋರ್ಟ್ ಮೊದಲ ಪುಟ, ಕೊನೆ ಪುಟ ನನಗೆ ಬೇರೆಯಾಗಿ ಕಳಿಸಿ, ಗ್ರೂಪಿನಲ್ಲಿ ಹಾಕಬೇಡಿ.