ಸಹಾಯ ಬೇಕು: ಕೋಬಾಲ್ಟ್, ನಿಕಲ್ ಬೇರೆ ಮಾಡಿದ ಅನುಭವ ಇರುವವರು ಮಂಗಳೂರು, ಉಡುಪಿ ಕಡೆ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಹಳೆ ಲ್ಯಾಪ್‌ಟಾಪ್ ಬ್ಯಾಟರಿಗಳ ಕಪ್ಪು ಪುಡಿಯನ್ನು ಸಲ್ಫ್ಯೂರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸಿದ್ದೇವೆ. ಅದರಲ್ಲಿ ಕೋಬಾಲ್ಟ್, ನಿಕಲ್, ಮ್ಯಾಂಗನೀಸ್, ಲಿಥಿಯಂ ಎಲ್ಲಾ ಒಟ್ಟಿಗೇ ಇವೆ.

ಮ್ಯಾಂಗನೀಸ್ ಮಟ್ಟಿಗೆ ತೊಂದರೆ ಇಲ್ಲ. ಸೀಮೆಎಣ್ಣೆಯಲ್ಲಿ ಬೆರೆಸಿದ, ಲೋಹವನ್ನು ನೀರಿನಿಂದ ಎಣ್ಣೆಗೆ ಎಳೆಯುವ ರಾಸಾಯನಿಕ ಡಿ2ಇಎಚ್‌ಪಿಎ ಅದನ್ನು ಪಿಎಚ್ 3ರ ಆಸುಪಾಸಿನಲ್ಲೇ ಹೆಚ್ಚುಕಡಿಮೆ ಎಳೆದುಕೊಳ್ಳುತ್ತದೆ. ಕಷ್ಟ ಇರುವುದು ಮುಂದೆ. ಕೋಬಾಲ್ಟಿಗೆ ಅದೇ ಥರದ ಇನ್ನೊಂದು ರಾಸಾಯನಿಕ ಸಯಾನೆಕ್ಸ್ 272 ಬಳಸುತ್ತಿದ್ದೇವೆ. ಪಿಎಚ್ 5ರ ಮೇಲೆ ಹೋದರೆ ಕೋಬಾಲ್ಟ್ ಎಣ್ಣೆ ಪದರಕ್ಕೆ ಬರಬೇಕು, ನಿಕಲ್ ನೀರಿನಲ್ಲೇ ಉಳಿಯಬೇಕು. ಆದರೆ ಒಂದೊಂದು ಕೋಬಾಲ್ಟ್ ಅಯಾನು ಒಳಗೆ ಹೋದಾಗಲೂ ಎರಡು ಹೈಡ್ರೋಜನ್ ಅಯಾನು ನೀರಿಗೆ ಬರುತ್ತವೆ, ಅಲ್ವಾ? ಹಾಗಾಗಿ ಅಲುಗಿಸುತ್ತಿದ್ದಂತೆ ಪಿಎಚ್ ಇಳಿಯುತ್ತದೆ, ಕೋಬಾಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಎಣ್ಣೆಗೆ ಮೊದಲೇ ಕಾಸ್ಟಿಕ್ ಸೋಡಾ ಸೇರಿಸಿದರೆ ಪಿಎಚ್ ನಿಲ್ಲುತ್ತದೆ. ಆದರೆ ಆಗ ಎರಡು ಪದರದ ನಡುವೆ ಮಜ್ಜಿಗೆಯಂಥ ಬಿಳಿ ನೊರೆ ಕಟ್ಟುತ್ತದೆ. ಎಷ್ಟು ಹೊತ್ತು ಬಿಟ್ಟರೂ ಬಿಡಿಸಿಕೊಳ್ಳುವುದಿಲ್ಲ.

ಕಾಸ್ಟಿಕ್ ಎಷ್ಟು ಭಾಗ ಸೇರಿಸುವುದು ಒಳ್ಳೆಯದು? ಟ್ರೈಬ್ಯುಟೈಲ್ ಫಾಸ್ಫೇಟ್ ಸ್ವಲ್ಪ ಹಾಕಿದರೆ ಪದರ ಬೇಗ ಬೇರೆಯಾಗುತ್ತದೆ ಎಂದು ಓದಿದ್ದೇನೆ. ನೀವು ಕೈಯಾರೆ ಮಾಡಿ ನೋಡಿದ್ದೀರಾ? ಪುಸ್ತಕದ ಲೆಕ್ಕಕ್ಕಿಂತ ಅನುಭವದ ಮಾತು ನನಗೆ ಜಾಸ್ತಿ ಮುಖ್ಯ. ಬೈಕಂಪಾಡಿ ಕಡೆ ಕೆಲಸ ಮಾಡುವವರು, ಸುರತ್ಕಲ್, ಮಣಿಪಾಲದ ಲ್ಯಾಬಿನವರು ದಯವಿಟ್ಟು ಹೇಳಿ. ಇದು ಸರಿಹೋದರೆ ನಮ್ಮ ಊರಿನ ಗುಜರಿ ಬ್ಯಾಟರಿಯಿಂದಲೇ ಕೋಬಾಲ್ಟ್ ತೆಗೆಯಬಹುದು. ಆ ಆಸೆ ನನಗೆ ನಿಜಕ್ಕೂ ಇದೆ. ಯಾರಾದರೂ ಎದುರು ಕೂತು ತೋರಿಸಿಕೊಡುವುದಾದರೆ ಶನಿವಾರ ಮಧ್ಯಾಹ್ನದ ಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ.