ಮಗಳು ರಾಜ್ಯಶಾಸ್ತ್ರ ಎಂಎ, ಈಗ ವಿಶ್ಲೇಷಕಿ ಆಗಬೇಕಂತೆ

ದಾವಣಗೆರೆಯಿಂದ ಒಬ್ಬ ತಂದೆ:
ಮಗಳು ತೋಳಹುಣಸೆಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಎಂಎ ಮುಗಿಸಿದ್ದಾಳೆ. ಬಿ.ಇಡಿ ಮಾಡು ಅಂದರೆ ಒಲ್ಲೆ ಅನ್ನುತ್ತಾಳೆ. ಚುನಾವಣೆ ಬಂದಾಗ ಟಿವಿಯಲ್ಲಿ ಮಾತಾಡುತ್ತಾರಲ್ಲ, ಪತ್ರಿಕೆಗೆ ಬರೆಯುತ್ತಾರಲ್ಲ, ಹಾಗೆ ಆಗಬೇಕಂತೆ. ಅದರಲ್ಲಿ ಹೊಟ್ಟೆ ತುಂಬುತ್ತದಾ? ಆ ದಾರಿಯಲ್ಲಿ ನಡೆದವರು ಹೇಳಿ.

ಚಿತ್ರದುರ್ಗದ ಅಧ್ಯಾಪಕರು:
ಟಿವಿಯಿಂದ ತುಂಬುವುದಿಲ್ಲ ಅಣ್ಣ. ಎಷ್ಟೋ ಸಲ ನನಗೆ ಬಸ್ ಚಾರ್ಜೂ ಹುಟ್ಟಿಲ್ಲ. ಹೆಸರು ಮಾಡಿದವರನ್ನೇ ನೋಡಿ. ಮುಜಾಫರ್ ಅಸ್ಸಾದಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಪತ್ರಿಕೆಗಳಿಗೆ ಬರೆದರು. ಸಂದೀಪ್ ಶಾಸ್ತ್ರಿಯವರೂ ಮೇಷ್ಟ್ರೇ. ಅನ್ನಕ್ಕೆ ಪಾಠ, ಅದರ ಮೇಲೆ ಮಾತು. ಹಾಗಾಗಿ ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ, ನೆಟ್ ಇಲ್ಲವೇ ಕೆ-ಸೆಟ್, ಮೊದಲು ಪಾಸಾಗಲಿ, ಜೊತೆಗೆ ಪಿಎಚ್‌ಡಿ. ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ತಳ್ಳಬೇಕಾದೀತು.

ನನ್ನ ಮಾನ ಹೋದ ಕಥೆಯನ್ನೂ ಕೇಳಿ. ಒಂದು ಚಾನೆಲ್‌ನಲ್ಲಿ ಕೂತು, ದಾವಣಗೆರೆ ಲೋಕಸಭಾ ಕ್ಷೇತ್ರ ಅಂದರೆ ದಾವಣಗೆರೆ ಜಿಲ್ಲೆ ಅಷ್ಟೇ ಅಂತ ಜೋರಾಗಿ ಹೇಳಿಬಿಟ್ಟೆ. ಹರಪನಹಳ್ಳಿಯಿಂದ ಫೋನ್ ಬಂತು: "ಸರ್, ನಾವು ಓಟು ಹಾಕಲ್ವಾ?" ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಲೋಕಸಭೆಗೆ ಮಾತ್ರ ಇವತ್ತಿಗೂ ದಾವಣಗೆರೆಯೇ. ನಮ್ಮ ಚಿತ್ರದುರ್ಗ ಕ್ಷೇತ್ರಕ್ಕೂ ತುಮಕೂರು ಜಿಲ್ಲೆಯ ಶಿರಾ, ಪಾವಗಡ ಸೇರುತ್ತವೆ. ಪಾಠ ಮಾಡುವವನಿಗೇ ಈ ಗತಿ! ಅಂದಿನಿಂದ ಬಾಯಿ ತೆರೆಯುವ ಮುಂಚೆ ಫಾರಂ 20 ತೆರೆಯುತ್ತೇನೆ. ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಅಂತ ಅದರಲ್ಲಿರುತ್ತದೆ. ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಜಗಳೂರಿನ ವರದಿಗಾರ:
ಸರ್, ಫಾರಂ 20 ಮತ ಎಷ್ಟು ಬಿತ್ತು ಅಂತ ಹೇಳುತ್ತದೆ. ಯಾಕೆ ಬಿತ್ತು ಅನ್ನೋದನ್ನ ಟೀ ಅಂಗಡಿಯಲ್ಲೇ ಕೇಳಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಅಂದರು. ನಮ್ಮ ಕಡೆ ರೈತರು "ದುಡ್ಡು ಬಂತಾ, ನೀರು ಬಂತಾ" ಅಂತ ಕೇಳುತ್ತಿದ್ದರೆ, ಸ್ಟುಡಿಯೋದಲ್ಲಿ ಲಿಂಗಾಯತರು ಎಷ್ಟು, ನಾಯಕ ಸಮುದಾಯದವರು ಎಷ್ಟು ಅನ್ನುವ ಲೆಕ್ಕ ನಡೆದಿತ್ತು. ಜಾತಿ ಲೆಕ್ಕ ಬೇಡ ಅಂತಲ್ಲ, ಅದೊಂದನ್ನೇ ಹಿಡಿದರೆ ಎಡವುತ್ತಾರೆ. ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗ ಚುನಾವಣಾ ಸಮೀಕ್ಷೆಗೆ ವಿದ್ಯಾರ್ಥಿಗಳನ್ನು ಮನೆಮನೆಗೆ ಕಳಿಸುತ್ತದೆ. ಅಂಥ ಅವಕಾಶ ಸಿಕ್ಕರೆ ಮಗಳು ಬಿಡಬಾರದು.

ಹರಿಹರದಿಂದ, ಪಿಎಚ್‌ಡಿ ಮಾಡುತ್ತಿರುವವಳು:
ಒಂದು ಮಾತು ಸೇರಿಸುತ್ತೇನೆ. ಹೆಣ್ಣುಮಕ್ಕಳನ್ನು ಚರ್ಚೆಗೆ ಕರೆಯೋದು ಗೃಹಲಕ್ಷ್ಮಿ ವಿಷಯ ಇದ್ದಾಗ ಮಾತ್ರ. ಸೀಟು ಹಂಚಿಕೆ, ಬಜೆಟ್ ಬಂದರೆ ನನ್ನ ನಂಬರ್ ಮರೆತೇ ಹೋಗುತ್ತದೆ. ಅದಕ್ಕೇ ನಾನು ಬರೆಯಲು ಶುರು ಮಾಡಿದೆ. ಬರಹಕ್ಕೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ ನೋಡಿ.

ಮತ್ತೆ ಆ ತಂದೆ:
ಎಲ್ಲ ಓದಿಸಿದೆ. ಕೆ-ಸೆಟ್ ಬರೆಯುತ್ತೀನಿ ಅಂದಳು, ಬಿ.ಇಡಿ ಮಾತು ಇನ್ನು ಎತ್ತಬೇಡಿ ಅಂತಲೂ ಅಂದಳು. ಈಗ ನಮ್ಮ ಬೀದಿಯ ಬೂತ್ ಹುಡುಕುತ್ತಾ ಕೂತಿದ್ದಾಳೆ. ಊಟಕ್ಕೆ ಕರೆದರೂ ಏಳುತ್ತಿಲ್ಲ.