ಮರದ ಪಟ್ಟಿಗಳಿಗೆ ಬಣ್ಣ: ಕೂರಿಸುವ ಮೊದಲೋ, ಕೂರಿಸಿದ ಮೇಲೋ?

ಪ್ರಶ್ನೆ: ಗೋಡೆಗಳ ಬುಡಕ್ಕೂ ಬಾಗಿಲುಗಳ ಸುತ್ತಲೂ ಮರದ ಪಟ್ಟಿಗಳನ್ನು ಕೂರಿಸಬೇಕಾಗಿದೆ. ಅವುಗಳನ್ನು ಮೊದಲೇ ಸಾಲಾಗಿ ಹರಡಿಕೊಂಡು ಬಣ್ಣ ಬಳಿದುಬಿಡುವುದು ಸುಲಭವೆಂದು ನನ್ನ ಎಣಿಕೆ. ಆದರೆ ಮೊಳೆ ಹೊಡೆಯುವಾಗ ಬಣ್ಣ ಕೆಡುವುದರಿಂದ ಎಲ್ಲವನ್ನೂ ಕೂರಿಸಿದ ಮೇಲೆಯೇ ಬಳಿಯಬೇಕೆಂದು ಬಡಗಿಯವರು ಹೇಳುತ್ತಾರೆ. ಯಾವುದು ಸರಿ, ದಯವಿಟ್ಟು ತಿಳಿಸಿ.

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ತಳಪದರ) ಮತ್ತು ಮೊದಲ ಕೋಟ್ ಬಣ್ಣವನ್ನು ಕೂರಿಸುವ ಮೊದಲೇ ಮುಗಿಸಿ, ಕೊನೆಯ ಕೋಟನ್ನು ಕೂರಿಸಿದ ಮೇಲೆ ಬಳಿಯುವುದು ನನ್ನ ರೂಢಿ. ಗೋಡೆಗೆ ಬಡಿದ ಮೇಲೆ ಬ್ರಷ್ ಎಂದಿಗೂ ತಲುಪದ ಜಾಗವೆಂದರೆ ಪಟ್ಟಿಯ ಬೆನ್ನು. ಮುಖಕ್ಕಷ್ಟೇ ಬಣ್ಣ ಬಿದ್ದ ಮರವು ಬರಿಯ ಬೆನ್ನಿನಿಂದ ತೇವ ಹೀರಿ, ಒಂದೇ ಕಡೆ ಹಿಗ್ಗಿ ಡೊಂಕಾಗುವ ಸಂಭವವಿರುವುದರಿಂದ, ಪ್ರೈಮರನ್ನು ನಾಲ್ಕೂ ಮೈಗಳಿಗೆ ಬಳಿಯಬೇಕು. ಅಳತೆಗೆ ಕೊಯ್ದಾಗ ಹೊಸದಾಗಿ ತೆರೆದುಕೊಳ್ಳುವ ತುದಿಗಳು ಇನ್ನೂ ಹೆಚ್ಚು ನೀರು ಕುಡಿಯುತ್ತವೆ. ಅವುಗಳಿಗೂ ಅಲ್ಲಿಯೇ ಪ್ರೈಮರ್ ಹಚ್ಚಿರಿ. ಇದನ್ನು ಮರೆಯುವವರೇ ಹೆಚ್ಚು, ನಾನೂ ಮರೆತದ್ದುಂಟು.

ಕೂರಿಸುವಾಗ ಮೊಳೆಯ ತಲೆಯನ್ನು ಒಂದೆರಡು ಮಿಲಿಮೀಟರ್ ಒಳಕ್ಕಿಳಿಸಿ, ಆ ತೂತಿಗೆ ಪುಟ್ಟಿಯನ್ನು ತುಸು ಉಬ್ಬುವಂತೆ ತುಂಬಿರಿ, ಏಕೆಂದರೆ ಅದು ಒಣಗುತ್ತ ಕುಗ್ಗುತ್ತದೆ. ಪೂರ್ತಿ ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿಯ ಮೇಲೆ ಪ್ರೈಮರ್ ತಾಗಿಸಿರಿ. ಗೋಡೆಗೂ ಪಟ್ಟಿಗೂ ನಡುವಿನ ಸಂದಿಗೆ ಅಕ್ರಿಲಿಕ್ ಸೀಲೆಂಟ್ ತುಂಬಿರಿ. ಸಾಮಾನ್ಯ ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಕೊನೆಯ ಕೋಟ್ ಇವೆಲ್ಲವನ್ನೂ ಮುಚ್ಚುತ್ತದೆ.

ಮರುಪ್ರಶ್ನೆ: ಎರಡೂ ಕೋಟ್‌ಗಳನ್ನು ಮೊದಲೇ ಬಳಿದು, ಕೂರಿಸಿದ ಮೇಲೆ ಮೊಳೆಯ ಗುರುತುಗಳಿಗಷ್ಟೇ ಬಣ್ಣ ತಾಗಿಸಿದರೆ ಸಾಲದೇ? ಗೋಡೆಗೆ ಬಣ್ಣ ತಾಗದಂತೆ ಟೇಪ್ ಅಂಟಿಸುವ ಕೆಲಸವಾದರೂ ತಪ್ಪುತ್ತದೆ.

ಉತ್ತರ: ಹೊಳಪಿಲ್ಲದ ಬಣ್ಣವಾದರೆ ಹೇಗೋ ನಡೆದೀತು. ಆದರೆ ಇಂಥ ಪಟ್ಟಿಗಳಿಗೆ ಸಾಮಾನ್ಯವಾಗಿ ಹೊಳಪಿನ ಬಣ್ಣವನ್ನೇ ಬಳಸುವುದರಿಂದ, ಅದೇ ಡಬ್ಬಿಯ ಬಣ್ಣ ತಾಗಿಸಿದರೂ ತಿದ್ದಿದ ಜಾಗದ ಹೊಳಪು ಬೇರೆಯಾಗಿರುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದ ಹೊತ್ತಿನಲ್ಲಿ ಆ ಚುಕ್ಕೆಗಳು ಗೋಡೆಯುದ್ದಕ್ಕೂ ಸಾಲಾಗಿ ಎದ್ದು ಕಾಣುತ್ತವೆ. ಮರದ ಎಳೆ ಕಾಣುವಂತೆ ವಾರ್ನಿಷ್ ಹಾಕುವುದಾದರೆ ಮಾತ್ರ ನಿಮ್ಮ ಕ್ರಮವೇ ಸರಿ: ಎಲ್ಲ ಕೋಟ್‌ಗಳನ್ನೂ ಮೊದಲೇ ಮುಗಿಸಿ, ಮೊಳೆಯ ತೂತುಗಳಿಗೆ ಮರದ ಬಣ್ಣಕ್ಕೆ ಹೊಂದುವ ಮೇಣವನ್ನು ತುಂಬಿದರೆ ಸಾಕು.